ಐದೈದು ಸೆಕೆಂಡಿನ ತಡ



ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿಗಳ ಕಚೇರಿಗಳಲ್ಲಿ ಎಷ್ಟೋ ಮಂದಿ ಬೆಳಿಗ್ಗೆ ಕುರ್ಚಿ ಎಳೆದುಕೊಂಡು ಕೂತ ಕೂಡಲೇ ಮಾಡುವ ಮೊದಲ ಕೆಲಸವೆಂದರೆ ಬೇರೆಲ್ಲೋ ಇರುವ ಒಂದು ಕಂಪ್ಯೂಟರಿನೊಳಕ್ಕೆ ಲಾಗಿನ್ ಆಗುವುದು. ಆ ಕಂಪ್ಯೂಟರ್ ಪಕ್ಕದ ಕೋಣೆಯಲ್ಲಿರಬಹುದು, ಮುಂಬಯಿಯ ಡೇಟಾ ಸೆಂಟರಿನಲ್ಲಿರಬಹುದು, ಸಮುದ್ರದಾಚೆಯೂ ಇರಬಹುದು. ಕಪ್ಪು ಪರದೆಯಲ್ಲಿ ಒಂದು ಸಾಲು ಟೈಪ್ ಮಾಡಿ ಎಂಟರ್ ಒತ್ತಿದರೆ ಅದು ತಕ್ಷಣ ಪಾಸ್‌ವರ್ಡ್ ಕೇಳಬೇಕು. ಕೇಳುವುದಿಲ್ಲ. ಕರ್ಸರ್ ಮಿಣುಕುತ್ತಲೇ ಇರುತ್ತದೆ. ಐದು ಸೆಕೆಂಡಾಯಿತು, ಹತ್ತಾಯಿತು, ಕೆಲವೊಮ್ಮೆ ಅರ್ಧ ನಿಮಿಷವೇ ಆಯಿತು. ಆಮೇಲೆ ಏನೂ ಆಗಿಲ್ಲವೆಂಬಂತೆ ಪಾಸ್‌ವರ್ಡ್ ಕೇಳುತ್ತದೆ. ಒಳಗೆ ಹೋದ ಮೇಲೆ ನೋಡಿದರೆ ಎಲ್ಲವೂ ಚುರುಕು. ಒತ್ತಿದ ಅಕ್ಷರ ಒತ್ತಿದ ಕೂಡಲೇ ಮೂಡುತ್ತದೆ.

ಈ ತಡವನ್ನು ಕಂಡವರು ಮೊದಲು ದೂರುವುದು ಇಂಟರ್‌ನೆಟ್ ಲೈನನ್ನು. ಆಮೇಲೆ ಸರ್ವರಿನ ಮೇಲೆ ಹೊರೆ ಜಾಸ್ತಿಯಾಗಿದೆ ಅನ್ನುತ್ತಾರೆ. ಮೆಮೊರಿ ಸಾಲದು, ಇನ್ನೊಂದಿಷ್ಟು ಹಾಕಿಸಿ ಎಂದು ಮೇಲಿನವರಿಗೆ ಪತ್ರ ಹೋಗುತ್ತದೆ. ಮೆಮೊರಿ ಬಂದ ಮೇಲೂ ತಡ ಹಾಗೆಯೇ ಇರುತ್ತದೆ. ಇರದೆ ಇನ್ನೇನು? ಆ ಹೊತ್ತಿನಲ್ಲಿ ಸರ್ವರ್ ದುಡಿಯುತ್ತಿಲ್ಲ, ಸುಮ್ಮನೆ ಕಾಯುತ್ತಿದೆ. ಬಾಗಿಲಿಗೆ ಬಂದಿರುವ ಯಂತ್ರದ ಹೆಸರೇನೆಂದು ಅದು ಯಾರನ್ನೋ ಕೇಳಿದೆ, ಹೇಳಬೇಕಾದವರು ಆ ಜಾಗದಲ್ಲಿಲ್ಲ. ಇಂದಿನ ಮಾತು ಈ ಕಾಯುವಿಕೆಯ ಕುರಿತು. ಅದು ಎಲ್ಲಿಂದ ಬಂತು, ಹಿಡಿಯುವುದು ಹೇಗೆ, ಸರಿಪಡಿಸುವಾಗ ಎಲ್ಲಿ ಎಚ್ಚರ ಬೇಕು ಎಂಬುದನ್ನು ನೋಡೋಣ.

ಒಂದು ಸುಳಿವನ್ನು ಮೊದಲೇ ಕೊಟ್ಟುಬಿಡಬಹುದು. ಲೈನು ಕೆಟ್ಟಿದ್ದರೆ ತಡ ಒಮ್ಮೆ ಒಂದು ಥರ, ಇನ್ನೊಮ್ಮೆ ಇನ್ನೊಂದು ಥರ ಇರುತ್ತದೆ. ಸರ್ವರಿನ ಮೇಲೆ ಹೊರೆ ಬಿದ್ದಿದ್ದರೆ ಮಧ್ಯಾಹ್ನ ಹೆಚ್ಚು, ರಾತ್ರಿ ಕಡಿಮೆ. ಹೆಸರಿನ ತೊಂದರೆಯಾದರೆ ಹಾಗಲ್ಲ. ಗಡಿಯಾರ ಹಿಡಿದು ಅಳೆದರೆ ಬೆಳಿಗ್ಗೆಯೂ 10 ಸೆಕೆಂಡು, ಸರಿರಾತ್ರಿಯೂ 10 ಸೆಕೆಂಡು. 5, 10, 15, 20 ಹೀಗೆ ಐದರ ಮಗ್ಗಿಯ ಹಾಗೆಯೇ ತಡವಾಗುತ್ತಿದ್ದರೆ ಮೊದಲು ಅನುಮಾನಿಸಬೇಕಾದದ್ದು ಯಂತ್ರಗಳ ಹೆಸರು, ವಿಳಾಸ ಹೇಳುವ ನೇಮ್ ಸರ್ವರನ್ನು.

ಈ ಐದು ಎಲ್ಲಿಂದ ಬಂತು ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಇಂಟರ್‌ನೆಟ್ಟಿನ ಪೂರ್ವಜನಾದ ಆರ್ಪಾನೆಟ್ ನಡೆಯುತ್ತಿದ್ದ ಕಾಲಕ್ಕೆ ಅದರಲ್ಲಿದ್ದ ಎಲ್ಲ ಕಂಪ್ಯೂಟರುಗಳ ಹೆಸರೂ ವಿಳಾಸವೂ ಒಂದೇ ಫೈಲಿನಲ್ಲಿರುತ್ತಿದ್ದವು. ಹೋಸ್ಟ್ಸ್ ಡಾಟ್ ಟಿಎಕ್ಸ್‌ಟಿ ಎಂಬ ಆ ಫೈಲನ್ನು ಕ್ಯಾಲಿಫೋರ್ನಿಯಾದ ಮೆನ್ಲೊ ಪಾರ್ಕಿನಲ್ಲಿ, ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟಿನಲ್ಲಿ, ಎಲಿಜಬೆತ್ ಫೈನ್ಲರ್ ಮತ್ತು ಅವರ ತಂಡದವರು ನೋಡಿಕೊಳ್ಳುತ್ತಿದ್ದರು. ಹೊಸ ಯಂತ್ರ ಸೇರಿದರೆ ಅವರಿಗೆ ತಿಳಿಸಬೇಕು, ಅವರು ಪಟ್ಟಿಗೆ ಸೇರಿಸಬೇಕು, ಉಳಿದವರೆಲ್ಲ ಆ ಪಟ್ಟಿಯ ಪ್ರತಿಯನ್ನು ತಂದಿಟ್ಟುಕೊಳ್ಳಬೇಕು. ಯಂತ್ರಗಳು ಹೆಚ್ಚಿದಂತೆ ಇದು ಸಾಗದ ಮಾತಾಯಿತು. 1983ರ ನವೆಂಬರಿನಲ್ಲಿ ಪಾಲ್ ಮೊಕಾಪೆಟ್ರಿಸ್ ಹೊಸ ವ್ಯವಸ್ಥೆಯೊಂದನ್ನು ಬರೆದು ಮುಂದಿಟ್ಟರು. ಅದೇ ಡೊಮೇನ್ ನೇಮ್ ಸಿಸ್ಟಮ್, ಚಿಕ್ಕದಾಗಿ ಡಿಎನ್‌ಎಸ್. 1987ರಲ್ಲಿ ಆರ್‌ಎಫ್‌ಸಿ 1034 ಮತ್ತು 1035 ಎಂಬ ದಾಖಲೆಗಳಾಗಿ ಅದು ತಿದ್ದಿ ಬಂತು. ಇವತ್ತಿಗೂ ಅಡಿಪಾಯ ಅದೇ.

ಡಿಎನ್‌ಎಸ್‌ನಲ್ಲಿ ಎಲ್ಲರ ಹೆಸರೂ ಒಬ್ಬರ ಬಳಿ ಇರುವುದಿಲ್ಲ. ಒಂದೊಂದು ಸಂಸ್ಥೆಯೂ ತನ್ನ ಹೆಸರುಗಳನ್ನು ತನ್ನ ನೇಮ್ ಸರ್ವರಿನಲ್ಲಿ ಇಟ್ಟುಕೊಳ್ಳುತ್ತದೆ, ಕೇಳಿದವರಿಗೆ ಹೇಳುತ್ತದೆ. ಹೆಸರು ಕೊಟ್ಟು ವಿಳಾಸ ಕೇಳುವುದು ನೇರ ಹುಡುಕಾಟ. ವಿಳಾಸ ಕೊಟ್ಟು ಹೆಸರು ಕೇಳುವುದಕ್ಕೂ ದಾರಿಯಿದೆ. ಅದು ತಿರುಗು ಹುಡುಕಾಟ. ವಿಳಾಸದ ನಾಲ್ಕು ಅಂಕಿಗಳನ್ನು ಹಿಂದುಮುಂದಾಗಿಸಿ, ಕೊನೆಗೆ ಇನ್‌-ಆ್ಯಡರ್ ಡಾಟ್ ಆರ್ಪಾ ಎಂದು ಸೇರಿಸಿ ಕೇಳಬೇಕು. 192.0.2.25 ಎಂಬ ವಿಳಾಸವಾದರೆ 25.2.0.192 ಎಂದು ತಿರುಗಿಸಿ ಕೇಳುವುದು. ಉತ್ತರವಾಗಿ ಬರುವುದು ಪಿಟಿಆರ್ ಎಂಬ ದಾಖಲೆ. ನೇರ ಹುಡುಕಾಟ ಕೆಟ್ಟರೆ ವೆಬ್‌ಸೈಟೇ ತೆರೆಯುವುದಿಲ್ಲ, ಎಲ್ಲರೂ ಕೂಗುತ್ತಾರೆ. ತಿರುಗು ಹುಡುಕಾಟ ಕೆಟ್ಟರೆ ಸಾಮಾನ್ಯವಾಗಿ ಯಾವುದೂ ನಿಲ್ಲುವುದಿಲ್ಲ, ಬರೀ ತಡವಾಗುತ್ತದೆ. ಅದಕ್ಕೇ ಅದು ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದೆ ಉಳಿದುಬಿಡುತ್ತದೆ.

ಲಾಗಿನ್ ಆಗಲು ಬಂದವರ ವಿಳಾಸ ಸರ್ವರಿಗೆ ಹೇಗೂ ಗೊತ್ತು. ಹೆಸರು ಯಾಕೆ ಬೇಕು? ಇಲ್ಲೊಂದು ಹಳೆಯ ಭದ್ರತೆಯ ಕಥೆಯಿದೆ. ದೂರದ ಯಂತ್ರಕ್ಕೆ ಲಾಗಿನ್ ಆಗಲು ಇಂದು ಬಳಸುವ ಎಸ್‌ಎಸ್‌ಎಚ್ ಬರುವ ಮುಂಚೆ ಯೂನಿಕ್ಸ್ ಯಂತ್ರಗಳಲ್ಲಿ ಆರ್‌ಲಾಗಿನ್, ಆರ್‌ಎಸ್‌ಎಚ್ ಎಂಬ ಪ್ರೋಗ್ರಾಮುಗಳಿದ್ದವು. ಇಂಥಿಂಥ ಹೆಸರಿನ ಯಂತ್ರದಿಂದ ಬಂದವರು ನಮ್ಮವರು, ಪಾಸ್‌ವರ್ಡ್ ಕೇಳದೆ ಒಳಗೆ ಬಿಡು ಎಂದು ಒಂದು ಫೈಲಿನಲ್ಲಿ ಬರೆದಿಡುತ್ತಿದ್ದರು. ಸರ್ವರ್ ಬಂದವರ ವಿಳಾಸ ನೋಡಿ, ತಿರುಗು ಹುಡುಕಾಟ ಮಾಡಿ, ಬಂದ ಹೆಸರನ್ನು ಆ ಫೈಲಿನ ಹೆಸರಿನೊಂದಿಗೆ ಹೋಲಿಸುತ್ತಿತ್ತು. ದೋಷ ಇಲ್ಲೇ ಇತ್ತು. ಒಂದು ವಿಳಾಸಕ್ಕೆ ಯಾವ ಹೆಸರು ಎಂದು ಹೇಳುವ ದಾಖಲೆ ಇರುವುದು ಆ ವಿಳಾಸದ ಒಡೆಯನ ಕೈಯಲ್ಲಿ. ಕಳ್ಳನ ವಿಳಾಸದ ದಾಖಲೆ ಕಳ್ಳನ ಕೈಯಲ್ಲೇ. ಅವನು ಅದರಲ್ಲಿ ನಿಮ್ಮ ನಂಬಿಕೆಯ ಯಂತ್ರದ ಹೆಸರನ್ನೇ ಬರೆದುಕೊಂಡರೆ ತಡೆಯುವವರು ಯಾರು?

ಬೆಲ್ ಲ್ಯಾಬ್ಸ್‌ನಲ್ಲಿದ್ದ ಸ್ಟೀವನ್ ಬೆಲೊವಿನ್ ಈ ದಾರಿಯಲ್ಲಿ ಯಂತ್ರಗಳೊಳಕ್ಕೆ ನುಗ್ಗುವುದು ಸಾಧ್ಯ ಎಂದು ವಿವರಿಸಿ 1990ರಲ್ಲೇ ಲೇಖನ ಬರೆದಿದ್ದರು. ಅಪಾಯದ ತೂಕ ನೋಡಿ ಅದನ್ನು ಬಚ್ಚಿಟ್ಟರು, 1995ರವರೆಗೆ ಪ್ರಕಟಿಸಲಿಲ್ಲ. ಇದಕ್ಕೆ ಆಗ ಹಾಕಿದ ಬೇಲಿಯೇ ಎರಡು ಸಲ ಕೇಳುವ ಪದ್ಧತಿ. ಮೊದಲು ವಿಳಾಸ ಕೊಟ್ಟು ಹೆಸರು ಕೇಳುವುದು. ಬಂದ ಹೆಸರನ್ನು ಹಿಡಿದು ಮತ್ತೆ ಅದರ ವಿಳಾಸ ಕೇಳುವುದು. ಎರಡೂ ತಾಳೆಯಾದರೆ ಮಾತ್ರ ಹೆಸರನ್ನು ನಂಬುವುದು.

1995ರಲ್ಲೇ ಫಿನ್‌ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಸಂಶೋಧಕರಾಗಿದ್ದ ಟಾಟು ಯ್ಲೊನೆನ್ ಎಸ್‌ಎಸ್‌ಎಚ್ ಬರೆದರು. ಅವರ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಹೊಂಚಿ ಕೂತು ಪಾಸ್‌ವರ್ಡ್‌ಗಳನ್ನು ಕದ್ದದ್ದೇ ಅದಕ್ಕೆ ಕಾರಣ. ಎಫ್‌ಟಿಪಿಯ 21ಕ್ಕೂ ಟೆಲ್‌ನೆಟ್ಟಿನ 23ಕ್ಕೂ ನಡುವೆ ಖಾಲಿಯಿದ್ದ 22ನೇ ಪೋರ್ಟನ್ನು ಅವರು ಕೇಳಿ ಪಡೆದರು. 1999ರಲ್ಲಿ ಓಪನ್‌ಬಿಎಸ್‌ಡಿ ತಂಡದವರು ಓಪನ್‌ಎಸ್‌ಎಸ್‌ಎಚ್ ಹೊರತಂದರು. ಇಂದು ಲಿನಕ್ಸ್ ಸರ್ವರುಗಳಲ್ಲಿ ಸಾಮಾನ್ಯವಾಗಿ ಇರುವುದು ಅದೇ. ಎಸ್‌ಎಸ್‌ಎಚ್‌ನಲ್ಲಿ ಗುಪ್ತಲಿಪಿಯ ಕೀಲಿಗಳಿವೆ, ಹೆಸರನ್ನು ನಂಬಿ ಯಾರನ್ನೂ ಒಳಗೆ ಬಿಡಬೇಕಾಗಿಲ್ಲ. ಆದರೂ ಹಳೆಯ ಎರಡು ಸಲ ಕೇಳುವ ಪದ್ಧತಿ ಅದರೊಳಗೂ ಬಂದು ಸೇರಿತು. ಸೆಟ್ಟಿಂಗಿನ ಹೆಸರು ಯೂಸ್‌ಡಿಎನ್‌ಎಸ್. ಬಹಳ ವರ್ಷ ಅದು ತಾನಾಗಿಯೇ ಚಾಲೂ ಇರುತ್ತಿತ್ತು.

ದೊಡ್ಡ ಅಪಾರ್ಟ್‌ಮೆಂಟಿನ ಗೇಟಿಗೆ ಹೋದವರಿಗೆ ಇದರ ಅನುಭವ ಇದ್ದೇ ಇರುತ್ತದೆ. ಸೆಕ್ಯೂರಿಟಿಯವನು ನಿಮ್ಮನ್ನು ನಿಲ್ಲಿಸಿ ಮನೆಗೆ ಇಂಟರ್‌ಕಾಮ್ ಮಾಡುತ್ತಾನೆ. ಯಾರಾದರೂ ಎತ್ತಿ ಹೌದು ಎಂದರೂ, ಇಲ್ಲ ಎಂದರೂ ಆ ಕ್ಷಣದಲ್ಲೇ ತೀರ್ಮಾನವಾಗುತ್ತದೆ. ಯಾರೂ ಎತ್ತದಿದ್ದರೆ ಗಂಟೆ ಹೊಡೆದು ನಿಲ್ಲುವವರೆಗೆ ಅವನೂ ಕಾಯುತ್ತಾನೆ, ನೀವೂ ಕಾಯುತ್ತೀರಿ.

ಈ ಸಮಸ್ಯೆಯ ಮರ್ಮವೇ ಅಲ್ಲಿದೆ. ಪಿಟಿಆರ್ ದಾಖಲೆ ಇಲ್ಲದಿದ್ದರೆ ಲಾಗಿನ್ ತಡವಾಗುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ದಾಖಲೆ ಇಲ್ಲ ಎಂಬ ಉತ್ತರವನ್ನು ನೆಟ್ಟಗಿರುವ ನೇಮ್ ಸರ್ವರ್ ಕಣ್ಣು ಮಿಟುಕಿಸುವಷ್ಟರಲ್ಲಿ ಕೊಟ್ಟುಬಿಡುತ್ತದೆ. ಕಾಯಿಸುವುದು ಉತ್ತರವೇ ಬಾರದ ಮೌನ. ನೇಮ್ ಸರ್ವರಿನ ಪ್ರೋಗ್ರಾಮ್ ನಿಂತುಹೋಗಿದ್ದು ಯಂತ್ರ ಮಾತ್ರ ಚಾಲೂ ಇದ್ದರೆ, ಆ ಪೋರ್ಟಿನಲ್ಲಿ ಯಾರೂ ಇಲ್ಲ ಎಂದು ಯಂತ್ರವೇ ಸಾಮಾನ್ಯವಾಗಿ ತಿರುಗಿ ಹೇಳುತ್ತದೆ, ಕೇಳಿದವರು ತಕ್ಷಣ ಮುಂದಿನ ಸರ್ವರಿಗೆ ಹೋಗುತ್ತಾರೆ. ನಡುವೆ ಫೈರ್‌ವಾಲ್ ಕೂತು ಪ್ರಶ್ನೆಯನ್ನು ಸದ್ದಿಲ್ಲದೆ ಬಿಸಾಡುತ್ತಿದ್ದರೆ ಕೇಳಿದವರಿಗೆ ಏನೂ ತಿಳಿಯುವುದಿಲ್ಲ. ತಿಳಿಯದವರು ಕಾಯಲೇಬೇಕು.

ಎಷ್ಟು ಹೊತ್ತು ಕಾಯಬೇಕೆಂಬುದು ಮೊದಲೇ ನಿಗದಿಯಾಗಿದೆ. ಲಿನಕ್ಸ್ ಯಂತ್ರದಲ್ಲಿ ಇಟಿಸಿ ಎಂಬ ಫೋಲ್ಡರಿನೊಳಗೆ ರಿಸಾಲ್ವ್ ಡಾಟ್ ಕಾನ್ಫ್ ಎಂಬ ಸಣ್ಣ ಫೈಲಿದೆ. ಯಾವ ನೇಮ್ ಸರ್ವರನ್ನು ಕೇಳಬೇಕು ಎಂಬ ಪಟ್ಟಿ ಅದರಲ್ಲಿರುತ್ತದೆ. ಈ ಪಟ್ಟಿ ನೋಡಿ ಪ್ರಶ್ನೆ ಕಳಿಸುವ ಮಾಮೂಲು ರಿಸಾಲ್ವರ್ ಹೆಚ್ಚೆಂದರೆ ಮೂರು ಸರ್ವರುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ನಾಲ್ಕನೆಯದನ್ನು ಬರೆದರೂ ನೋಡುವುದಿಲ್ಲ. ಮೊದಲನೆಯದನ್ನು ಕೇಳಿ 5 ಸೆಕೆಂಡು ಕಾಯುತ್ತದೆ. ಉತ್ತರ ಬಾರದಿದ್ದರೆ ಎರಡನೆಯದನ್ನು ಕೇಳುತ್ತದೆ. ಪಟ್ಟಿ ಮುಗಿದರೆ ಮತ್ತೊಂದು ಸುತ್ತು ಹಾಕುತ್ತದೆ. ಬೇರೆ ಏನೂ ಹೇಳಿಲ್ಲದಿದ್ದರೆ ಒಟ್ಟು ಎರಡು ಸುತ್ತು. ಆ ಐದರ ಮಗ್ಗಿ ಹುಟ್ಟುವುದು ಇಲ್ಲಿ.

ಒಂದು ಕಚೇರಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಕಚೇರಿ ಹಳೆಯ ಕಟ್ಟಡದಿಂದ ಹೊಸದಕ್ಕೆ ಹೋಗಿದೆ. ಹೊಸ ನೇಮ್ ಸರ್ವರ್ ಬಂದಿದೆ. ಎಲ್ಲ ಸರ್ವರುಗಳ ರಿಸಾಲ್ವ್ ಡಾಟ್ ಕಾನ್ಫ್ ಫೈಲಿನಲ್ಲಿ ಅದನ್ನು ಎರಡನೇ ಸಾಲಾಗಿ ಸೇರಿಸಿದ್ದಾರೆ. ಮೊದಲ ಸಾಲಿನಲ್ಲಿ ಹಳೆಯದರ ವಿಳಾಸ ಹಾಗೆಯೇ ಉಳಿದಿದೆ. ಒಂದು ಶನಿವಾರ ಹಳೆಯ ಸರ್ವರನ್ನು ಆಫ್ ಮಾಡಿ ಗುಜರಿಗೆ ಕಳಿಸಿದರು. ಸೋಮವಾರದಿಂದ ಪ್ರತಿ ಹುಡುಕಾಟಕ್ಕೂ 5 ಸೆಕೆಂಡು ದಂಡ. ಲಾಗಿನ್ ಹೊತ್ತಿಗೆ ವಿಳಾಸದಿಂದ ಹೆಸರು ಕೇಳಲು 5, ಹೆಸರಿನಿಂದ ವಿಳಾಸ ತಾಳೆ ನೋಡಲು 5. ಒಟ್ಟು 10 ಸೆಕೆಂಡು. ಆಮೇಲೆ ಎಲ್ಲ ಸರಿಯಾಗಿ ನಡೆಯುತ್ತದೆ, ಏಕೆಂದರೆ ಎರಡನೇ ಸರ್ವರ್ ಉತ್ತರ ಕೊಡುತ್ತಿದೆ. ಮೊದಲ ಸರ್ವರ್ ಸತ್ತಿದೆ ಎಂಬುದನ್ನು ಈ ಹಳೆಯ ಬಗೆಯ ರಿಸಾಲ್ವರ್ ನೆನಪಿಟ್ಟುಕೊಳ್ಳುವುದೂ ಇಲ್ಲ. ಹೊಸದಾಗಿ ಬಂದ ಪ್ರತಿಯೊಬ್ಬರಿಗೂ ಮತ್ತೆ ಮೊದಲಿನಿಂದ ಅದೇ ಪ್ರಶ್ನೆ, ಅದೇ ಕಾಯುವಿಕೆ. ಸಿಸ್ಟಮ್‌ಡಿ ರಿಸಾಲ್ವ್‌ಡಿ ಎಂಬ ಹೊಸ ಸೇವೆ ಇರುವ ಯಂತ್ರಗಳು ಉತ್ತರ ಕೊಡದ ಸರ್ವರನ್ನು ಬಿಟ್ಟು ಬೇರೆಯದಕ್ಕೆ ಹೊರಳುತ್ತವೆ, ಅಲ್ಲಿ ತೊಂದರೆ ಕಡಿಮೆ.

ಇನ್ನು ಹಿಡಿಯುವ ಬಗೆ. ಎಲ್ಲಕ್ಕಿಂತ ಮೊದಲು ತಡವಾಗುತ್ತಿರುವುದು ನಿಮ್ಮ ಮೇಜಿನ ಮೇಲಿನ ಯಂತ್ರದಲ್ಲೋ ಆ ತುದಿಯ ಸರ್ವರಿನಲ್ಲೋ ಗೊತ್ತಾಗಬೇಕು. ಎಸ್‌ಎಸ್‌ಎಚ್ ಆಜ್ಞೆಯ ಮುಂದೆ ಒಂದು ಅಡ್ಡಗೆರೆ, ಒಂದು ವಿ ಅಕ್ಷರ ಸೇರಿಸಿ ಓಡಿಸಿದರೆ ಅದು ತಾನು ಮಾಡುತ್ತಿರುವುದನ್ನೆಲ್ಲ ಸಾಲುಸಾಲಾಗಿ ಹೇಳುತ್ತಾ ಹೋಗುತ್ತದೆ. ಆ ಸಾಲುಗಳು ಎಲ್ಲಿ ನಿಂತು ಮತ್ತೆ ಹೊರಡುತ್ತವೆ ಎಂದು ನೋಡಬೇಕು. ‘ಕನೆಕ್ಟಿಂಗ್ ಟು’ ಎಂಬ ಸಾಲು ಸರ್ವರಿನ ಹೆಸರನ್ನೂ ವಿಳಾಸವನ್ನೂ ಒಟ್ಟಿಗೆ ತೋರಿಸುತ್ತದೆ. ಆ ಸಾಲು ಮೂಡುವ ಮೊದಲೇ ನಿಂತರೆ ನಿಮ್ಮ ಯಂತ್ರಕ್ಕೇ ಸರ್ವರಿನ ವಿಳಾಸ ಸಿಗುತ್ತಿಲ್ಲ, ನಿಮ್ಮ ಕಡೆಯ ನೇಮ್ ಸರ್ವರನ್ನು ನೋಡಿ. ಆ ಸಾಲು ಮೂಡಿ, ಕೀಲಿಗಳ ವಿನಿಮಯವೂ ಮುಗಿದು, ಪಾಸ್‌ವರ್ಡ್ ಕೇಳುವ ಹೊತ್ತಿಗೆ ನಿಂತರೆ ಕಾಯುತ್ತಿರುವುದು ಸರ್ವರ್.

ಒಂದು ಎಚ್ಚರಿಕೆ ಇಲ್ಲಿದೆ. ನಿಂತ ಜಾಗದಲ್ಲಿ ‘ಜಿಎಸ್‌ಎಸ್‌ಎಪಿಐ’ ಎಂಬ ಪದ ಕಂಡರೆ ಕಾರಣ ಬೇರೆ ಇರಬಹುದು. ಅದು ಕರ್ಬರೋಸ್ ಎಂಬ ಗುರುತು ಪರೀಕ್ಷೆಯ ಪ್ರಯತ್ನ. ಡೆಬಿಯನ್, ರೆಡ್ ಹ್ಯಾಟ್ ಕುಟುಂಬದ ಲಿನಕ್ಸ್‌ಗಳಲ್ಲಿ ಅದನ್ನು ಚಾಲೂ ಮಾಡಿಯೇ ಕೊಟ್ಟಿರುತ್ತಾರೆ. ಕರ್ಬರೋಸ್ ಬಳಸದ ಕಡೆ ಅದರ ಅಗತ್ಯವೇ ಇಲ್ಲ. ಅದೂ ಹೆಸರು ಹುಡುಕುತ್ತದೆ, ಆದ್ದರಿಂದ ನೇಮ್ ಸರ್ವರ್ ಕೆಟ್ಟಿದ್ದರೆ ಅದೂ ತಡ ಮಾಡುತ್ತದೆ. ಅದನ್ನು ನಿಲ್ಲಿಸಿ ನೋಡುವುದು ಸುಲಭದ ಪರೀಕ್ಷೆ.

ಸರ್ವರಿನೊಳಗೆ ಮಾಡಬೇಕಾದ ಪರೀಕ್ಷೆ ಇನ್ನೂ ನೇರ. ನೀವು ಯಾವ ವಿಳಾಸದಿಂದ ಬಂದಿದ್ದೀರೋ ಆ ವಿಳಾಸವನ್ನು, ನೇಮ್ ಸರ್ವರನ್ನು ಪ್ರಶ್ನಿಸುವ ಡಿಗ್ ಆಜ್ಞೆಗೆ ಅಡ್ಡಗೆರೆ ಎಕ್ಸ್ ಸೇರಿಸಿ ಕೊಡಿ. ತಕ್ಷಣ ಉತ್ತರ ಬಂದರೆ, ಅದು ಹೆಸರಾಗಲಿ ಇಲ್ಲವೆಂಬ ಮಾತಾಗಲಿ, ತಿರುಗು ಹುಡುಕಾಟ ನೆಟ್ಟಗಿದೆ. ನಿಂತು ನಿಂತು ಕೊನೆಗೆ ಟೈಮ್ ಔಟ್ ಎಂದರೆ ಕಳ್ಳ ಸಿಕ್ಕ. ರಿಸಾಲ್ವ್ ಡಾಟ್ ಕಾನ್ಫ್ ಪಟ್ಟಿಯ ಒಂದೊಂದು ಸರ್ವರನ್ನೂ ಬೇರೆ ಬೇರೆಯಾಗಿ ಹೆಸರಿಸಿ ಕೇಳಿದರೆ ಸತ್ತದ್ದು ಯಾವುದು, ಬದುಕಿರುವುದು ಯಾವುದು ಎಂದು ತಿಳಿಯುತ್ತದೆ. ಇದನ್ನು ಬಿಡಬಾರದು. ಎಷ್ಟೋ ಜನ ಡಿಗ್ ಒಮ್ಮೆ ಉತ್ತರ ಕೊಟ್ಟಿತೆಂದು ಸಮಾಧಾನಪಟ್ಟು ಏಳುತ್ತಾರೆ, ಆ ಉತ್ತರ ಬಂದದ್ದು ಎರಡನೇ ಸರ್ವರಿನಿಂದ ಎಂದು ಗಮನಿಸುವುದಿಲ್ಲ. ಉತ್ತರದ ಕೆಳಗೆ ಅದು ಯಾವ ಸರ್ವರಿನಿಂದ ಬಂತು ಎಂದು ಬರೆದೇ ಇರುತ್ತದೆ.

ಅನುಮಾನವನ್ನು ಖಚಿತ ಮಾಡಿಕೊಳ್ಳಲು ಇನ್ನೊಂದು ಉಪಾಯವಿದೆ. ಸರ್ವರಿನ ಇಟಿಸಿ ಫೋಲ್ಡರಿನಲ್ಲಿ ಹೋಸ್ಟ್ಸ್ ಎಂಬ ಫೈಲು ಇಂದಿಗೂ ಇದೆ. ಫೈನ್ಲರ್ ಅವರ ಹಳೆಯ ಪಟ್ಟಿಯ ವಂಶದ ಕುಡಿ ಅದು. ಸಾಮಾನ್ಯವಾಗಿ ಯಂತ್ರಗಳು ನೇಮ್ ಸರ್ವರನ್ನು ಕೇಳುವ ಮೊದಲು ಅದನ್ನು ನೋಡುತ್ತವೆ. ಅದರಲ್ಲಿ ನಿಮ್ಮ ಯಂತ್ರದ ವಿಳಾಸವನ್ನೂ ಒಂದು ಹೆಸರನ್ನೂ ಬರೆದು ಮತ್ತೆ ಲಾಗಿನ್ ಆಗಿ. ಹತ್ತು ಸೆಕೆಂಡಿನ ತಡ ಮಾಯವಾದರೆ ರೋಗ ಖಚಿತವಾದಂತೆ. ಇಷ್ಟಕ್ಕೆ ಮದ್ದು ಮುಗಿಯಿತೆಂದು ಆ ಸಾಲನ್ನು ಅಲ್ಲೇ ಬಿಟ್ಟು ಎದ್ದರೆ ನಾಳೆ ನಿಮ್ಮ ವಿಳಾಸ ಬದಲಾದಾಗ ತಡ ಮತ್ತೆ ಹಾಜರು.

ಮದ್ದಿನ ವಿಷಯದಲ್ಲಿ ಎರಡು ದಾರಿಗಳಿವೆ. ಮೊದಲನೆಯದು ಎಲ್ಲರೂ ಹೇಳುವ ದಾರಿ. ಸರ್ವರಿನಲ್ಲಿ ಓಡುವ ಎಸ್‌ಎಸ್‌ಎಚ್ ಸೇವೆಯಾದ ಎಸ್‌ಎಸ್‌ಎಚ್‌ಡಿಯ ಸೆಟ್ಟಿಂಗಿನಲ್ಲಿ ಯೂಸ್‌ಡಿಎನ್‌ಎಸ್ ಎಂಬುದಕ್ಕೆ ನೋ ಎಂದು ಬರೆದು ಸೇವೆಯನ್ನು ಮತ್ತೆ ಶುರುಮಾಡುವುದು. 2015ರ ಮಾರ್ಚಿನಲ್ಲಿ ಬಂದ ಓಪನ್‌ಎಸ್‌ಎಸ್‌ಎಚ್ 6.8ನೇ ಆವೃತ್ತಿಯಲ್ಲಿ ಅದನ್ನು ಬರೆದವರೇ ಈ ಸೆಟ್ಟಿಂಗನ್ನು ಆಫ್ ಮಾಡಿಯೇ ಕೊಡಲು ತೀರ್ಮಾನಿಸಿದರು. ಅದು ಸರಿಯಾದ ತೀರ್ಮಾನ. ಈ ಪರೀಕ್ಷೆಯಿಂದ ಭದ್ರತೆಗೆ ಸಿಗುತ್ತಿದ್ದುದು ಅಲ್ಪ, ಆಗುತ್ತಿದ್ದ ತೊಂದರೆ ಬಹಳ. ಹೆಸರು ತಾಳೆಯಾಗದಿದ್ದರೆ ಲಾಗ್ ಫೈಲಿನಲ್ಲಿ ‘ಪಾಸಿಬಲ್ ಬ್ರೇಕ್ ಇನ್ ಅಟೆಂಪ್ಟ್’ ಎಂದು ದೊಡ್ಡಕ್ಷರಗಳಲ್ಲಿ ಬರೆಯುತ್ತಿತ್ತು. ನಿಜವಾಗಿ ಆಗಿರುತ್ತಿದ್ದುದು ಯಾವುದೋ ಇಂಟರ್‌ನೆಟ್ ಕಂಪನಿಯವರು ಪಿಟಿಆರ್ ದಾಖಲೆಯನ್ನು ಅರೆಬರೆ ಬರೆದು ಬಿಟ್ಟದ್ದು. ಕಳ್ಳ ನುಗ್ಗುತ್ತಿದ್ದಾನೆಂದು ಎದೆ ಹೊಡೆದುಕೊಂಡು ರಾತ್ರಿಯೆಲ್ಲ ಎದ್ದಿದ್ದ ಸಿಸ್ಟಮ್ ಅಡ್ಮಿನ್‌ಗಳು ಕಡಿಮೆಯಿಲ್ಲ.

ಸೆಟ್ಟಿಂಗ್ ಬದಲಿಸುವ ಮುನ್ನ ಒಂದು ವಿಚಾರಣೆ ಬೇಕು. ಇಂಥ ಹೆಸರಿನ ಯಂತ್ರದಿಂದ ಬಂದರೆ ಮಾತ್ರ ಈ ಕೀಲಿ ನಡೆಯಬೇಕು ಎಂದು ಯಾರಾದರೂ ಹೆಸರು ಬರೆದು ನಿಯಮ ಮಾಡಿದ್ದರೆ, ಹೆಸರು ಕೇಳುವುದನ್ನು ನಿಲ್ಲಿಸಿದ ಕೂಡಲೇ ಆ ನಿಯಮ ಹೊಂದಿಕೆಯಾಗುವುದು ನಿಲ್ಲುತ್ತದೆ. ಹೆಸರಿನ ಬದಲು ವಿಳಾಸವನ್ನೇ ನಿಯಮದಲ್ಲಿ ಬರೆಯುವುದು ಒಳ್ಳೆಯದು. ಇನ್ನೂ ಒಂದು ಮಾತು. ಎಸ್‌ಎಸ್‌ಎಚ್‌ಡಿಯ ಸೆಟ್ಟಿಂಗ್ ಮುಟ್ಟುವಾಗ ಒಳಗಿರುವ ಲಾಗಿನ್ ಕಿಟಕಿಯನ್ನು ಮುಚ್ಚಬೇಡಿ. ಎಸ್‌ಎಸ್‌ಎಚ್‌ಡಿಗೆ ಅಡ್ಡಗೆರೆ ಟಿ ಕೊಟ್ಟರೆ ಸೆಟ್ಟಿಂಗಿನಲ್ಲಿ ತಪ್ಪಿದೆಯೇ ಎಂದು ಅದೇ ಹೇಳುತ್ತದೆ. ಕೇಳಿ, ಆಮೇಲೆ ಮರುಚಾಲನೆ ಮಾಡಿ, ಇನ್ನೊಂದು ಕಿಟಕಿಯಿಂದ ಒಳಗೆ ಹೋಗಿ ನೋಡಿ, ಆಮೇಲೆ ಮೊದಲಿನದನ್ನು ಮುಚ್ಚಿ. ದೂರದ ಯಂತ್ರದ ಬಾಗಿಲನ್ನು ತಾವೇ ಒಳಗಿನಿಂದ ಬೀಗ ಹಾಕಿಕೊಂಡು ಹೊರಗೆ ಉಳಿದವರ ಪಾಡು ಬಲು ಕಷ್ಟ.

ಎರಡನೆಯದು ಬುಡಕ್ಕೆ ಹೋಗುವ ದಾರಿ, ಇದನ್ನು ಬಿಡಲೇಬಾರದು. ಯೂಸ್‌ಡಿಎನ್‌ಎಸ್ ಆಫ್ ಮಾಡಿದರೆ ಲಾಗಿನ್ ಚುರುಕಾಗುತ್ತದೆ, ಸತ್ತ ನೇಮ್ ಸರ್ವರ್ ಮಾತ್ರ ಪಟ್ಟಿಯಲ್ಲಿ ಹಾಗೆಯೇ ಕೂತಿರುತ್ತದೆ. ಅದೇ ಯಂತ್ರದಿಂದ ಮೇಲ್ ಕಳಿಸುವಾಗ, ಪ್ಯಾಕೇಜ್ ಇಳಿಸಿಕೊಳ್ಳುವಾಗ, ಡೇಟಾಬೇಸಿಗೆ ಸಂಪರ್ಕ ಮಾಡುವಾಗ ಅದೇ ಐದು ಸೆಕೆಂಡಿನ ದಂಡ ಮುಂದುವರಿಯುತ್ತದೆ. ಬಾಗಿಲಿನ ಗಂಟೆಯ ತಂತಿ ಕಿತ್ತಂತಾಯಿತೇ ಹೊರತು ಮನೆಯ ವೈರಿಂಗ್ ಸರಿಯಾಗಲಿಲ್ಲ. ಮಾಡಬೇಕಾದದ್ದು ಪಟ್ಟಿಯಿಂದ ಸತ್ತ ಸರ್ವರನ್ನು ತೆಗೆಯುವುದು, ಫೈರ್‌ವಾಲ್ ಡಿಎನ್‌ಎಸ್ ಬಳಸುವ 53ನೇ ಪೋರ್ಟಿನ ಪ್ರಶ್ನೆಗಳನ್ನು ನುಂಗುತ್ತಿದ್ದರೆ ಬಿಡಿಸುವುದು. ಕಾಯುವ ಹೊತ್ತನ್ನು 5ರಿಂದ 1 ಸೆಕೆಂಡಿಗೆ ಇಳಿಸುವ ಸೆಟ್ಟಿಂಗೂ ಆ ಫೈಲಿನಲ್ಲೇ ಇದೆ. ತಾತ್ಕಾಲಿಕವಾಗಿ ಅದು ಉಪಯುಕ್ತ.

ರಿಸಾಲ್ವ್ ಡಾಟ್ ಕಾನ್ಫ್ ತಿದ್ದಿದ ಮೇಲೂ ಮರುದಿನ ಹಳೆಯ ಸಾಲು ಮತ್ತೆ ಬಂದು ಕೂತಿದ್ದರೆ ಆಶ್ಚರ್ಯ ಬೇಡ. ಈಗಿನ ಯಂತ್ರಗಳಲ್ಲಿ ಸಾಮಾನ್ಯವಾಗಿ ಅದನ್ನು ಕೈಯಿಂದ ಬರೆಯುವುದಿಲ್ಲ, ನೆಟ್‌ವರ್ಕ್ ಮ್ಯಾನೇಜರ್ ಅಥವಾ ಯಂತ್ರಗಳಿಗೆ ವಿಳಾಸ ಹಂಚುವ ಡಿಎಚ್‌ಸಿಪಿ ಬರೆಯುತ್ತದೆ. ಹಳೆಯ ವಿಳಾಸವನ್ನು ಹಂಚುತ್ತಿರುವುದು ಡಿಎಚ್‌ಸಿಪಿ ಸರ್ವರಾದರೆ ತಿದ್ದಬೇಕಾದದ್ದು ಅಲ್ಲಿ.

ಖಾಸಗಿ ವಿಳಾಸಗಳ ಕಥೆ ಸ್ವಲ್ಪ ಬೇರೆ. ಕಚೇರಿಯೊಳಗಿನ ಯಂತ್ರಗಳಿಗೆ 10ರಿಂದಲೋ 192.168ರಿಂದಲೋ ಶುರುವಾಗುವ ವಿಳಾಸಗಳಿರುತ್ತವೆ. ಲೋಕದ ಎಷ್ಟೋ ಕಚೇರಿಗಳು ಅವನ್ನೇ ಬಳಸುತ್ತವೆ, ಆದ್ದರಿಂದ ಹೊರಗಿನ ಯಾವ ನೇಮ್ ಸರ್ವರಿಗೂ ಅವುಗಳ ಹೆಸರು ಗೊತ್ತಿರಲು ಸಾಧ್ಯವಿಲ್ಲ. ಒಳಗಿನ ನೇಮ್ ಸರ್ವರ್ ತಾನೇ ಉತ್ತರ ಕೊಡದೆ ಈ ಪ್ರಶ್ನೆಯನ್ನು ಹೊರಕ್ಕೆ ಕಳಿಸಿದರೆ, ಹೊರಗಿನ ದಾರಿ ಮುಚ್ಚಿರುವ ಭದ್ರ ಜಾಲಗಳಲ್ಲಿ ಅದು ಹೋದದ್ದೇ ಬಂತು. ಇಂಥ ಪ್ರಶ್ನೆಗಳಿಗೆ ಒಳಗೇ ಇಲ್ಲವೆಂದು ಹೇಳಿಬಿಡಿ ಎಂದು 2011ರ ಆರ್‌ಎಫ್‌ಸಿ 6303 ನೇಮ್ ಸರ್ವರ್ ಬರೆಯುವವರಿಗೆ ಸೂಚಿಸಿತು. ಇನ್ನೂ ಒಳ್ಳೆಯದು, ಒಳಗಿನ ವಿಳಾಸಗಳಿಗೆಲ್ಲ ಪಿಟಿಆರ್ ದಾಖಲೆ ಬರೆದಿಡುವುದು. ಆಗ ಹೆಸರು ಹುಡುಕುವ ಸೇವೆಗಳ ಲಾಗ್ ಫೈಲಿನಲ್ಲೂ ಅಂಕಿಗಳ ಬದಲು ಹೆಸರು ಕಾಣುತ್ತದೆ, ಹುಡುಕುವವರಿಗೆ ಅನುಕೂಲ.

ಸಾರ್ವಜನಿಕ ವಿಳಾಸವಾದರೆ ಪಿಟಿಆರ್ ನಿಮ್ಮ ಕೈಯಲ್ಲಿರುವುದಿಲ್ಲ. ಡೊಮೇನ್ ಹೆಸರನ್ನು ಕೊಂಡವರು ನೀವಾದರೂ ವಿಳಾಸ ಕೊಟ್ಟವರು ಇಂಟರ್‌ನೆಟ್ ಕಂಪನಿಯವರು. ಏಷ್ಯಾ ಪೆಸಿಫಿಕ್ ಭಾಗಕ್ಕೆ ವಿಳಾಸ ಹಂಚುವುದು ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿರುವ ಎಪಿನಿಕ್. ಭಾರತದೊಳಗೆ 2012ರಿಂದ ಐಆರ್‌ಐಎನ್‌ಎನ್ ಎಂಬ ನೋಂದಣಿ ವ್ಯವಸ್ಥೆಯೂ ಇದೆ. ತಿರುಗು ಹುಡುಕಾಟದ ಜವಾಬ್ದಾರಿ ಇದೇ ಸರಪಳಿಯಲ್ಲಿ ಕೆಳಗಿಳಿದು ಬರುತ್ತದೆ. ನಡುವಿನ ಒಬ್ಬರು ಆ ಜವಾಬ್ದಾರಿಯನ್ನು ಈಗಿಲ್ಲದ ಸರ್ವರಿಗೆ ಒಪ್ಪಿಸಿ ಮರೆತಿದ್ದರೆ ಆ ವಿಳಾಸಗಳಿಂದ ಹೊರಟವರೆಲ್ಲ ಹೋದ ಹೋದ ಕಡೆ ಕಾಯಬೇಕಾಗುತ್ತದೆ. ಇಂಥ ಸಂದರ್ಭದಲ್ಲಿ ನಿಮ್ಮ ಕಂಪನಿಗೆ ಪತ್ರ ಬರೆಯದೆ ಬೇರೆ ದಾರಿಯಿಲ್ಲ. ಪತ್ರದಲ್ಲಿ ಲಾಗಿನ್ ನಿಧಾನ ಎಂದು ಬರೆದರೆ ಲೈನ್ ಪರೀಕ್ಷಿಸಿ ಸರಿಯಿದೆ ಎಂದು ಉತ್ತರಿಸುತ್ತಾರೆ. ಇಂಥ ವಿಳಾಸದ ಪಿಟಿಆರ್ ಪ್ರಶ್ನೆಗೆ ಇಂಥ ನೇಮ್ ಸರ್ವರ್ ಉತ್ತರಿಸುತ್ತಿಲ್ಲ ಎಂದು ಬರೆಯಿರಿ, ಡಿಗ್ ಆಜ್ಞೆಯ ಉತ್ತರವನ್ನೂ ಲಗತ್ತಿಸಿ. ಸರಿಯಾದ ಮೇಜಿಗೆ ಆ ಪತ್ರ ತಲುಪುತ್ತದೆ.

ಎಸ್‌ಎಸ್‌ಎಚ್ ಒಂದೇ ಹೀಗೆ ಕಾಯುವುದಿಲ್ಲ. ಅಪಾಚೆ ವೆಬ್ ಸರ್ವರ್ ಒಂದು ಕಾಲಕ್ಕೆ ಪುಟ ನೋಡಲು ಬಂದ ಪ್ರತಿಯೊಬ್ಬರ ಹೆಸರನ್ನೂ ಹುಡುಕುತ್ತಿತ್ತು. 1.3ನೇ ಆವೃತ್ತಿಯಿಂದ ಅದನ್ನು ಆಫ್ ಮಾಡಿಯೇ ಕೊಡಲಾಯಿತು. ಮೈಎಸ್‌ಕ್ಯೂಎಲ್ ಡೇಟಾಬೇಸಿನಲ್ಲಿ ಹೆಸರು ಹುಡುಕುವುದನ್ನು ಬಿಟ್ಟುಬಿಡಲು ಸ್ಕಿಪ್ ನೇಮ್ ರಿಸಾಲ್ವ್ ಎಂಬ ಸೆಟ್ಟಿಂಗೇ ಇದೆ. ಡೇಟಾಬೇಸ್ ಒಮ್ಮೊಮ್ಮೆ ನಿಂತುಹೋಗುತ್ತದೆ ಎಂಬ ದೂರಿನ ಹಿಂದೆ ಇದೇ ಕಾರಣ ಇರಬಹುದು ಎಂಬುದನ್ನು ಡೇಟಾಬೇಸ್ ನೋಡಿಕೊಳ್ಳುವವರು ನೆನಪಿಡಬೇಕು.

ಹೆಸರುಗಳೇ ಸಿಗದಂತಾದರೆ ಏನಾಗುತ್ತದೆ ಎಂಬುದನ್ನು ಲೋಕವೆಲ್ಲ ಕಂಡದ್ದು 2021ರ ಅಕ್ಟೋಬರ್ 4ರಂದು. ಮಾಮೂಲು ನಿರ್ವಹಣೆಯ ಹೊತ್ತಿನಲ್ಲಿ ಕೊಟ್ಟ ಒಂದು ಆಜ್ಞೆಯಿಂದ ಫೇಸ್‌ಬುಕ್ಕಿನ ಡೇಟಾ ಸೆಂಟರುಗಳ ನಡುವಿನ ಸಂಪರ್ಕ ಕಡಿದುಹೋಯಿತು. ಡೇಟಾ ಸೆಂಟರ್ ಸಿಗದಿದ್ದರೆ ತಾವಾಗಿ ಹಿಂದೆ ಸರಿಯುವಂತೆ ಅವರ ನೇಮ್ ಸರ್ವರುಗಳನ್ನು ಮೊದಲೇ ಸಜ್ಜುಗೊಳಿಸಲಾಗಿತ್ತು. ಅವು ಅಂತೆಯೇ ಮಾಡಿ ಇಂಟರ್‌ನೆಟ್ಟಿನಿಂದ ಮರೆಯಾದವು. ಫೇಸ್‌ಬುಕ್, ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಮ್ ಮೂರೂ ಸುಮಾರು ಆರು ಗಂಟೆ ನಿಂತವು. ದೂರದಿಂದ ಲಾಗಿನ್ ಆಗಿ ಸರಿಪಡಿಸಬೇಕಾದ ಎಂಜಿನಿಯರುಗಳ ಉಪಕರಣಗಳೂ ಅದೇ ಹೆಸರುಗಳನ್ನು ನಂಬಿದ್ದವು. ಕೊನೆಗೆ ಡೇಟಾ ಸೆಂಟರುಗಳಿಗೆ ಮನುಷ್ಯರನ್ನೇ ಕಳಿಸಬೇಕಾಯಿತು, ಕಟ್ಟಡದ ಭದ್ರತೆ ದಾಟಿ ಅವರು ಯಂತ್ರ ಮುಟ್ಟುವಷ್ಟರಲ್ಲಿ ಇನ್ನಷ್ಟು ಹೊತ್ತಾಯಿತು. ಇದು ಹತ್ತು ಸೆಕೆಂಡಿನ ತಡಕ್ಕಿಂತ ಎಷ್ಟೋ ದೊಡ್ಡ ಅವಘಡ ನಿಜ. ಅದರಿಂದ ಚಿಕ್ಕ ಕಚೇರಿಗಳೂ ತೆಗೆದುಕೊಳ್ಳಬಹುದಾದ ಒಂದು ಕ್ರಮವಿದೆ. ಮುಖ್ಯ ಸರ್ವರುಗಳ ಐಪಿ ವಿಳಾಸಗಳನ್ನು ಒಂದು ಕಾಗದದಲ್ಲಿ ಬರೆದು ಇಟ್ಟುಕೊಳ್ಳಿ. ನೇಮ್ ಸರ್ವರ್ ಪೂರ್ತಿ ಕೆಟ್ಟ ದಿನ ಅದನ್ನು ಸರಿಪಡಿಸಲು ಅದರದೇ ಹೆಸರು ಹಿಡಿದು ಹೋಗಲಾಗುವುದಿಲ್ಲ.

ಕೊನೆಯದಾಗಿ, ಹಳೆಯ ನೇಮ್ ಸರ್ವರುಗಳನ್ನು ನಿವೃತ್ತಿಗೊಳಿಸುವ ಎಲ್ಲರಲ್ಲೂ ಒಂದು ಕೋರಿಕೆ. ಪ್ಲಗ್ ಕೀಳುವ ಮೊದಲು ಕೆಲವು ದಿನ ಆ ಯಂತ್ರದ ಮೇಲೆ, ಜಾಲದಲ್ಲಿ ಬಂದು ಹೋಗುವುದನ್ನು ತೋರಿಸುವ ಟಿಸಿಪಿಡಂಪ್ ಓಡಿಸಿ, 53ನೇ ಪೋರ್ಟಿಗೆ ಯಾವ ಯಾವ ವಿಳಾಸಗಳಿಂದ ಪ್ರಶ್ನೆ ಬರುತ್ತಿದೆ ಎಂದು ಬರೆದುಕೊಳ್ಳಿ. ಒಂದೊಂದರ ಪಟ್ಟಿಯಿಂದಲೂ ಹಳೆಯ ವಿಳಾಸವನ್ನು ತೆಗೆಸಿ. ತಿಂಗಳಿಗೊಮ್ಮೆ ಮಾತ್ರ ಓಡುವ ಕೆಲಸಗಳಿರುವ ಸರ್ವರುಗಳು ಆ ದಿನಗಳಲ್ಲಿ ಸುಮ್ಮನಿರಬಹುದು, ಅವನ್ನು ಪ್ರತ್ಯೇಕವಾಗಿ ವಿಚಾರಿಸಿ. ಒಂದೇ ಒಂದು ಯಂತ್ರ ಇನ್ನೂ ಕೇಳುತ್ತಿದ್ದರೂ ಆ ಸರ್ವರನ್ನು ಆಫ್ ಮಾಡಬೇಡಿ.